ತೂಕದ ದರದಿಂದ ಒಂದರ ಬೆಲೆ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತಿರುಪು, ವಾಷರ್, ಮಣಿ, ಗುಂಡಿ, ಕಾಗದ, ನೂಲು, ತಂತಿ ಮುಂತಾದವನ್ನು ತೂಕಕ್ಕೆ ಕೊಂಡು ಬಿಡಿಯಾಗಿ ಬಳಸುವವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸುಲಭವಾದದ್ದರಿಂದ ಕಠಿಣವಾದದ್ದರ ಕಡೆಗೆ ಜೋಡಿಸಿದೆ. ಪ್ರತಿ ಉತ್ತರವನ್ನೂ ಬೇರೆಯಾಗಿ ಓದಿಕೊಳ್ಳಬಹುದು. ಯಾವ ನಾಣ್ಯಕ್ಕಾದರೂ ಲೆಕ್ಕದ ರೀತಿ ಒಂದೇ ಆದ್ದರಿಂದ ಹಣದ ಹೆಸರು ಬಿಟ್ಟು ಬರೀ ಅಂಕಿಗಳನ್ನು ಕೊಟ್ಟಿದೆ. ಅವು ಲೆಕ್ಕ ತೋರಿಸಲು ಆರಿಸಿಕೊಂಡ ಅಂಕಿಗಳೇ ಹೊರತು ಯಾವ ಮಾರುಕಟ್ಟೆಯ ದರವೂ ಅಲ್ಲ.

## ಮೊದಲ ಲೆಕ್ಕ

ಕಿಲೋಗೆ ಇಷ್ಟು ಎಂದು ದರ ಹೇಳುತ್ತಾರೆ. ಒಂದಕ್ಕೆ ಎಷ್ಟು ಬೀಳುತ್ತದೆ ಎಂದು ತಿಳಿಯುವುದು ಹೇಗೆ?

ಒಂದರ ತೂಕವನ್ನು ದರದಿಂದ ಗುಣಿಸಿದರೆ ಒಂದರ ಬೆಲೆ ಸಿಗುತ್ತದೆ. ದರ ಕಿಲೋಗೆ ಇದ್ದು ತೂಕ ಗ್ರಾಂನಲ್ಲಿದ್ದರೆ ಬಂದ ಉತ್ತರವನ್ನು 1000ದಿಂದ ಭಾಗಿಸಬೇಕು. ಕಿಲೋಗೆ 480ರಂತೆ ಕೊಂಡ ಬೋಲ್ಟುಗಳಲ್ಲಿ ಒಂದು 35 ಗ್ರಾಂ ತೂಗಿದರೆ, 480 × 35 ÷ 1000 = 16.80 ಅದರ ಬೆಲೆ. ಇಷ್ಟು ಗಣಿತದಲ್ಲಿ ಎಡವುವವರು ಕಡಿಮೆ. ಆ 35 ಗ್ರಾಂ ಎಂಬ ಅಂಕಿ ಎಲ್ಲಿಂದ ಬಂತು, ಹಣ ಕೊಟ್ಟ ತೂಕದೊಳಗೆ ಏನೇನು ಸೇರಿತ್ತು ಎಂಬ ಎರಡು ಕಡೆಗಳಲ್ಲೇ ಲೆಕ್ಕ ಜಾರುವುದು, ಮತ್ತು ಕೆಳಗಿನ ಬಹುಪಾಲು ಪ್ರಶ್ನೆಗಳು ಹುಟ್ಟಿರುವುದೂ ಅಲ್ಲಿಂದಲೇ.

ಗುಣಿಸಬೇಕೋ ಭಾಗಿಸಬೇಕೋ ಎಂದು ಪ್ರತಿ ಸಲವೂ ಗೊಂದಲವಾಗುತ್ತದೆ. ನೆನಪಿಡಲು ದಾರಿ ಇದೆಯೇ?

ಸೂತ್ರವನ್ನು ಬಾಯಿಪಾಠ ಮಾಡುವ ಬದಲು ಪ್ರತಿ ಅಂಕಿಯ ಪಕ್ಕದಲ್ಲೂ ಅದರ ಮಾನವನ್ನು ಬರೆಯುವ ರೂಢಿ ಮಾಡಿಕೊಂಡರೆ ಗೊಂದಲ ತಾನಾಗಿಯೇ ಹೋಗುತ್ತದೆ. ದರದ ಮಾನ 'ಕಿಲೋಗೆ ಹಣ', ತೂಕದ ಮಾನ 'ಒಂದಕ್ಕೆ ಕಿಲೋ'. ಇವೆರಡನ್ನು ಗುಣಿಸಿದಾಗ ಮೇಲಿನ ಕಿಲೋ ಕೆಳಗಿನ ಕಿಲೋವನ್ನು ಹೊಡೆದುಹಾಕಿ 'ಒಂದಕ್ಕೆ ಹಣ' ಉಳಿಯುತ್ತದೆ, ನಮಗೆ ಬೇಕಾದದ್ದೂ ಅದೇ. 'ಕಿಲೋಗೆ 125 ಬರುತ್ತವೆ' ಎಂಬ ರೂಪದಲ್ಲಿ ಮಾಹಿತಿ ಸಿಕ್ಕಿದ್ದರೆ ಅದರ ಮಾನ 'ಕಿಲೋಗೆ ಎಣಿಕೆ'. ಇಲ್ಲಿ ಕಿಲೋ ಹೊಡೆದುಹೋಗಬೇಕಾದರೆ ಭಾಗಿಸಲೇಬೇಕು, ಅಂದರೆ ದರ ÷ 125. ಉತ್ತರದಲ್ಲಿ ಕಿಲೋ ಎಂಬ ಮಾತು ಇನ್ನೂ ಉಳಿದುಕೊಂಡಿದ್ದರೆ ಎಲ್ಲೋ ತಿರುಗಮುರುಗ ಆಗಿದೆ ಎಂದೇ ತಿಳಿಯಬೇಕು.

ಬಾಯಿಲೆಕ್ಕದ ಒಂದು ಪರೀಕ್ಷೆಯೂ ಉಂಟು. 35 ಗ್ರಾಂ ಇರುವ ವಸ್ತು ಕಿಲೋಗೆ 28 ಅಥವಾ 29 ಬರಬೇಕು. ಹಾಗಾಗಿ ಒಂದರ ಬೆಲೆ ದರದ ಮೂವತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು. 1.68 ಅಥವಾ 168 ಬಂದರೆ ದಶಮಾಂಶದ ಚುಕ್ಕಿ ಸರಿದಿದೆ ಎಂದು ನೋಡಿದೊಡನೆ ತಿಳಿಯುತ್ತದೆ.

ಒಂದನ್ನು ಇಟ್ಟರೆ ನನ್ನ ತೂಕದ ಯಂತ್ರ ಸೊನ್ನೆಯನ್ನೇ ತೋರಿಸುತ್ತದೆ. ಸೂಕ್ಷ್ಮ ತಕ್ಕಡಿ ಕೊಳ್ಳಲೇಬೇಕೇ?

ಕೊಳ್ಳಬೇಕಿಲ್ಲ. ಒಂದನ್ನು ತೂಗುವ ಬದಲು ನೂರನ್ನು ಎಣಿಸಿ ಒಟ್ಟಿಗೆ ತೂಗಿ, ನೂರರಿಂದ ಭಾಗಿಸಿದರೆ ಸಾಕು. ಒಂದು ಗ್ರಾಂವರೆಗೆ ಮಾತ್ರ ತೋರಿಸುವ ಯಂತ್ರದ ಮೇಲೆ ಎರಡು ಗ್ರಾಂಗಿಂತ ಸ್ವಲ್ಪ ಕಡಿಮೆ ಇರುವ ವಾಷರೊಂದನ್ನು ಇಟ್ಟರೆ ಅದು 2 ಎನ್ನುತ್ತದೆ. ಅದೇ ಯಂತ್ರದ ಮೇಲೆ ನೂರನ್ನು ಇಟ್ಟು 183 ಎಂದು ಓದಿದರೆ, ನಿಜವಾದ ತೂಕ 182.5 ಮತ್ತು 183.5ರ ನಡುವೆ ಎಲ್ಲೋ ಇದೆ. ಹಾಗಾದರೆ ಒಂದರ ತೂಕ 1.825 ಮತ್ತು 1.835ರ ನಡುವೆ. ಯಂತ್ರ ಅದೇ ಇದ್ದರೂ ಓದುವಿಕೆಯ ಅನಿಶ್ಚಿತತೆ ನೂರನೆಯ ಒಂದು ಭಾಗಕ್ಕೆ ಇಳಿಯಿತು. ಯಂತ್ರ ತೋರಿಸುವ ಅತಿ ಚಿಕ್ಕ ಅಂಕಿಯ 200 ಪಟ್ಟಾದರೂ ಒಟ್ಟು ತೂಕ ಇರುವಂತೆ ನೋಡಿಕೊಂಡರೆ ಈ ಕಾರಣದಿಂದ ಬರುವ ವ್ಯತ್ಯಾಸ ಶೇ. 0.25ನ್ನು ಮೀರುವುದಿಲ್ಲ.

ಇಲ್ಲಿ ಅನೇಕರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಬಹಳಷ್ಟು ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಸೊನ್ನೆಯ ಹತ್ತಿರದ ಸಣ್ಣ ಏರಿಳಿತವನ್ನು ತಾನೇ ಅಳಿಸಿಹಾಕಿ ಮತ್ತೆ ಸೊನ್ನೆಗೆ ತರುವ ಏರ್ಪಾಡು ಇರುತ್ತದೆ. ಖಾಲಿ ತಟ್ಟೆಗೆ ಹಗುರವಾದ ಮಣಿಗಳನ್ನು ಒಂದೊಂದಾಗಿ ನಿಧಾನವಾಗಿ ಹಾಕುತ್ತಾ ಹೋದರೆ ಮೊದಲ ಕೆಲವನ್ನು ಯಂತ್ರ ಲೆಕ್ಕಕ್ಕೇ ಹಿಡಿಯದೆ ನುಂಗಿಬಿಡಬಹುದು. ಆದ್ದರಿಂದ ಬೇರೆ ಬಟ್ಟಲಲ್ಲಿ ಎಣಿಸಿಕೊಂಡು ಎಲ್ಲವನ್ನೂ ಒಂದೇ ಸಲ ಸುರಿಯಬೇಕು.

ಚೀಲದ ಮೇಲೆ ಬರೆದ ತೂಕವನ್ನೇ ಲೆಕ್ಕಕ್ಕೆ ಹಿಡಿಯಬಹುದೇ?

ಅದು ಒಟ್ಟು ತೂಕವೋ ನಿವ್ವಳ ತೂಕವೋ ಎಂದು ಮೊದಲು ನೋಡಿಕೊಳ್ಳಬೇಕು. ಪೆಟ್ಟಿಗೆ, ಚೀಲ, ನೂಲಿನ ಕೋನ್, ತಂತಿಯ ಸುರುಳಿಯ ನಡುವಿನ ರಾಟೆ ಇವೆಲ್ಲ ಸೇರಿದ್ದು ಒಟ್ಟು ತೂಕ. ಅವನ್ನು ಕಳೆದು ಉಳಿದದ್ದು ನಿವ್ವಳ. ಹಣ ಕೊಟ್ಟದ್ದು ಒಟ್ಟು ತೂಕಕ್ಕಾಗಿದ್ದರೆ ಹೇಳಿದ ದರ ನಿಜವಾದ ದರವಲ್ಲ. ಕಿಲೋಗೆ 300ರಂತೆ 10.4 ಕಿಲೋಗೆ 3,120 ಕೊಟ್ಟು, ಅದರಲ್ಲಿ 0.4 ಕಿಲೋ ಪೆಟ್ಟಿಗೆಯದೇ ಆಗಿದ್ದರೆ, ಸರಕಿಗೆ ಬಿದ್ದ ದರ 312. ಒಂದರ ಬೆಲೆ ತೆಗೆಯುವಾಗ ಬಳಸಬೇಕಾದದ್ದು ಈ 312.

ದರ ಪೌಂಡಿಗೋ ಔನ್ಸಿಗೋ ಟನ್ನಿಗೋ ಇದ್ದರೆ?

ಅಂತರರಾಷ್ಟ್ರೀಯ ಪೌಂಡು 0.45359237 ಕಿಲೋ ಎಂದು 1959ರಿಂದ ನಿಗದಿಯಾಗಿದೆ. ಪೌಂಡಿನ ದರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ, ಅಥವಾ 2.2046ರಿಂದ ಗುಣಿಸಿದರೆ, ಕಿಲೋ ದರ ಸಿಗುತ್ತದೆ. ಕಿಲೋ ಪೌಂಡಿಗಿಂತ ದೊಡ್ಡದಾದ್ದರಿಂದ ಕಿಲೋ ದರದ ಅಂಕಿಯೂ ದೊಡ್ಡದಾಗಿಯೇ ಬರಬೇಕು.

ಔನ್ಸಿನಲ್ಲಿ ಎಚ್ಚರ ಬೇಕು. ಸಾಮಾನ್ಯ ಔನ್ಸು 28.35 ಗ್ರಾಂ, ಚಿನ್ನ, ಬೆಳ್ಳಿ, ಪ್ಲಾಟಿನಂಗೆ ಬಳಸುವ ಟ್ರಾಯ್ ಔನ್ಸು 31.10 ಗ್ರಾಂ. ಒಂದರ ಜಾಗದಲ್ಲಿ ಇನ್ನೊಂದನ್ನು ಹಿಡಿದರೆ ಸುಮಾರು ಶೇ. 10ರಷ್ಟು ತಪ್ಪು, ಬೆಲೆಬಾಳುವ ಲೋಹಗಳಲ್ಲಿ ಇದು ಸಣ್ಣದಲ್ಲ. ಟನ್ನಿನಲ್ಲಿಯೂ ಮೂರು ಬಗೆ: ಮೆಟ್ರಿಕ್ ಟನ್ 1000 ಕಿಲೋ, 2000 ಪೌಂಡಿನ ಕಿರು ಟನ್ 907.2 ಕಿಲೋ, 2240 ಪೌಂಡಿನ ಹಿರಿ ಟನ್ 1016 ಕಿಲೋ.

## ಒಂದರ ತೂಕ ಎಂದರೆ ಯಾವುದು

ಎಲ್ಲವೂ ಒಂದೇ ತೂಕ ಇರುವುದಿಲ್ಲವಲ್ಲ, ಎಷ್ಟನ್ನು ತೂಗಿ ಸರಾಸರಿ ತೆಗೆದರೆ ಸಾಕು?

ವಸ್ತುಗಳು ಒಂದಕ್ಕೊಂದು ಎಷ್ಟು ಬೇರೆಯಾಗಿವೆ ಎಂಬುದರ ಮೇಲೆ ಇದು ನಿಂತಿದೆ. ಮೊದಲು ಹತ್ತನ್ನು ಒಂದೊಂದಾಗಿ ತೂಗಿ ಸರಾಸರಿಯನ್ನೂ ಪ್ರಮಾಣಿತ ವಿಚಲನೆಯನ್ನೂ (ಬಿಡಿ ತೂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿದಿವೆ ಎಂಬುದರ ಅಳತೆ) ಕಂಡುಕೊಳ್ಳಿ. ವಿಚಲನೆಯನ್ನು ಸರಾಸರಿಯ ಶೇಕಡಾವಾರಾಗಿ ಬರೆದರೆ ಅದೇ ಆ ಸರಕಿನ ಏರುಪೇರು. ಹತ್ತನ್ನು ಒಂದೊಂದಾಗಿ ತೂಗಲು ಮಾತ್ರ ಸೂಕ್ಷ್ಮ ತಕ್ಕಡಿ ಬೇಕಾಗುತ್ತದೆ, ಒಂದು ದಿನಕ್ಕೆ ಎರವಲು ತಂದರೂ ಆದೀತು. ಮಾದರಿಯ ಸರಾಸರಿಯಲ್ಲಿ ನಿರೀಕ್ಷಿಸಬಹುದಾದ ತಪ್ಪು ಈ ಏರುಪೇರನ್ನು ಮಾದರಿ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು.

ಅಚ್ಚಿನಲ್ಲಿ ತೆಗೆದ ಅಥವಾ ಯಂತ್ರದಲ್ಲಿ ಕತ್ತರಿಸಿದ ವಸ್ತುಗಳಲ್ಲಿ ಏರುಪೇರು ಶೇ. 2 ಎಂದುಕೊಳ್ಳೋಣ. ಹತ್ತನ್ನು ತೂಗಿದರೆ ಸರಾಸರಿಯ ತಪ್ಪು ಸುಮಾರು ಶೇ. 0.63, ನೂರನ್ನು ತೂಗಿದರೆ ಶೇ. 0.2. ಕಲ್ಲಿನ ಹರಳು, ಚಿಪ್ಪು, ಬೀಜ ಇಂಥ ನೈಸರ್ಗಿಕ ವಸ್ತುಗಳಲ್ಲಿ ಏರುಪೇರು ಶೇ. 20 ಇದ್ದರೆ ನೂರನ್ನು ತೂಗಿದರೂ ತಪ್ಪು ಶೇ. 2 ಉಳಿಯುತ್ತದೆ, ಅದನ್ನು ಶೇ. 1ಕ್ಕೆ ಇಳಿಸಲು 400 ಬೇಕಾಗುತ್ತವೆ. ತಪ್ಪನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಎಣಿಸಬೇಕೆಂಬ ಈ ನಿಯಮ ದುಬಾರಿಯಾದದ್ದು. ಹೀಗಾಗಿ ಎಣಿಸಲು ಕೂರುವ ಮೊದಲೇ 'ನನಗೆ ಎಷ್ಟು ನಿಖರತೆ ಸಾಕು' ಎಂದು ಕೇಳಿಕೊಳ್ಳುವುದು ಲೇಸು. ದರವೇ ವಾರಕ್ಕೊಮ್ಮೆ ಶೇ. 5ರಷ್ಟು ಏರಿಳಿಯುವ ಸರಕಿಗೆ ತೂಕವನ್ನು ಸಾವಿರದ ಒಂದು ಭಾಗದವರೆಗೆ ಹಿಡಿಯುವುದು ವ್ಯರ್ಥ ಶ್ರಮ ಎಂಬುದು ನನ್ನ ಅಭಿಪ್ರಾಯ.

ಚೀಲದ ಮೇಲಿನಿಂದ ಒಂದು ಹಿಡಿ ತೆಗೆದು ತೂಗಿದರೆ ಸಾಲದೇ?

ಎಲ್ಲವೂ ಒಂದೇ ಗಾತ್ರದ್ದಾಗಿದ್ದರೆ ಸಾಲುತ್ತದೆ. ಗಾತ್ರದಲ್ಲಿ ವ್ಯತ್ಯಾಸವಿದ್ದರೆ ಸಾಲದು. ಸಾಗಣೆಯಲ್ಲಿ ಚೀಲ ಅಲುಗಾಡಿದಂತೆ ಸಣ್ಣವು ಸಂದುಗಳಲ್ಲಿ ಜಾರಿ ತಳಕ್ಕೆ ಇಳಿಯುತ್ತವೆ, ದೊಡ್ಡವು ಮೇಲೆ ಉಳಿಯುತ್ತವೆ. ಮೇಲಿನ ಹಿಡಿಯನ್ನೇ ತೂಗಿದರೆ ಒಂದರ ತೂಕ ಹೆಚ್ಚಾಗಿ ಬಂದು, ಒಂದರ ಬೆಲೆಯೂ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಈ ಬಗೆಯ ತಪ್ಪು ಹೆಚ್ಚು ಎಣಿಸಿದರೂ ಕಡಿಮೆಯಾಗುವುದಿಲ್ಲ.

ಹಳೆಯ ಉಪಾಯವೇ ಇಲ್ಲಿ ಒಳ್ಳೆಯದು. ಚೀಲವನ್ನು ಚೊಕ್ಕಟವಾದ ನೆಲದ ಮೇಲೆ ಗುಡ್ಡೆಯಾಗಿ ಸುರಿದು, ತಟ್ಟಿ ಚಪ್ಪಟೆ ಮಾಡಿ, ಅಡ್ಡ ಉದ್ದ ಗೆರೆ ಎಳೆದಂತೆ ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ತೆಗೆದುಹಾಕಿ ಉಳಿದ ಎರಡನ್ನು ಕಲಸಿ ಮತ್ತೆ ಗುಡ್ಡೆ ಹಾಕಬೇಕು. ಎಣಿಸಬಹುದಾದಷ್ಟು ಉಳಿಯುವವರೆಗೆ ಇದನ್ನೇ ಮುಂದುವರಿಸಿ, ಕೊನೆಗೆ ಉಳಿದದ್ದನ್ನು ಒಂದೂ ಬಿಡದೆ ಎಣಿಸಿ ತೂಗಬೇಕು. ಕೊನೆಯಲ್ಲಿ ನೂರಕ್ಕೆ ಸರಿಮಾಡಲೆಂದು ಕೈಗೆ ಸಿಕ್ಕ ನಾಲ್ಕನ್ನು ಹೊರಗೆ ಹಾಕುವ ಆಸೆ ಬರುತ್ತದೆ. ಕೈಗೆ ಮೊದಲು ಸಿಗುವುದು ದೊಡ್ಡದೇ ಆದ್ದರಿಂದ ಹಾಗೆ ಮಾಡಬಾರದು. 104 ಇದ್ದರೆ 104ರಿಂದಲೇ ಭಾಗಿಸಿ.

ಒಂದು ಚೀಲದಲ್ಲಿ ಕಿಲೋಗೆ 100 ಬರುತ್ತವೆ, ಇನ್ನೊಂದರಲ್ಲಿ 200. ಸರಾಸರಿ 150 ಎನ್ನಬಹುದೇ?

ಎರಡರಿಂದಲೂ ಸಮ ತೂಕ ಕೊಂಡಿದ್ದರೆ ಎನ್ನಬಹುದು. ಒಂದೊಂದು ಕಿಲೋ ಕೊಂಡರೆ ಎರಡು ಕಿಲೋಗೆ 300 ಬರುತ್ತವೆ, ಒಂದರ ಸರಾಸರಿ ತೂಕ 6.67 ಗ್ರಾಂ. ಎರಡರಿಂದಲೂ ಸಮ ಎಣಿಕೆಯಲ್ಲಿ, ಅಂದರೆ ನೂರು ನೂರು, ಬಳಸುವುದಾದರೆ ಲೆಕ್ಕ ಬೇರೆ: 10 ಗ್ರಾಂನ ನೂರು ಮತ್ತು 5 ಗ್ರಾಂನ ನೂರು ಸೇರಿ 1.5 ಕಿಲೋ, ಒಂದರ ಸರಾಸರಿ 7.5 ಗ್ರಾಂ, ಕಿಲೋಗೆ 133. ದರ 600 ಇದ್ದರೆ ಮೊದಲನೆಯದರಲ್ಲಿ ಒಂದಕ್ಕೆ 4.00, ಎರಡನೆಯದರಲ್ಲಿ 4.50. ಸರಾಸರಿಗಳನ್ನು ಮತ್ತೆ ಸರಾಸರಿ ಮಾಡುವ ಗೋಜಿಗೆ ಹೋಗದೆ ಒಟ್ಟು ಹಣ ಮತ್ತು ಒಟ್ಟು ಎಣಿಕೆಗಳಿಗೆ ಹಿಂದಿರುಗಿದರೆ ಯಾವ ಸಂದರ್ಭದಲ್ಲೂ ತಪ್ಪುವುದಿಲ್ಲ.

ಕೊಳ್ಳುವ ಮೊದಲೇ ಬೆಲೆ ತಿಳಿಯಬೇಕು, ತೂಗಲು ವಸ್ತು ಕೈಯಲ್ಲಿಲ್ಲ. ಅಳತೆಯಿಂದ ತೂಕ ಕಟ್ಟಬಹುದೇ?

ಆಕಾರ ಸರಳವಾಗಿದ್ದು ಯಾವ ವಸ್ತುವಿನಿಂದ ಮಾಡಿದ್ದು ಎಂದು ಗೊತ್ತಿದ್ದರೆ ಕಟ್ಟಬಹುದು. ಘನಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ. ಘನ ಸೆಂಟಿಮೀಟರಿಗೆ ಉಕ್ಕು 7.85 ಗ್ರಾಂ, ಅಲ್ಯೂಮಿನಿಯಂ 2.7, ತಾಮ್ರ 8.96, ಹಿತ್ತಾಳೆ ಮಿಶ್ರಣದ ಮೇಲೆ ಹೋಗುವುದಾದರೂ 8.5ರ ಆಸುಪಾಸು. ಹೊರ ವ್ಯಾಸ 16, ಒಳ ವ್ಯಾಸ 8.4, ದಪ್ಪ 1.6 ಮಿಲಿಮೀಟರಿನ ಉಕ್ಕಿನ ವಾಷರನ್ನು ತೆಗೆದುಕೊಳ್ಳಿ. 16ರ ವರ್ಗದಿಂದ 8.4ರ ವರ್ಗವನ್ನು ಕಳೆದು 0.7854ರಿಂದ ಗುಣಿಸಿದರೆ ಮುಖದ ವಿಸ್ತೀರ್ಣ 145.6 ಚದರ ಮಿಲಿಮೀಟರ್, ದಪ್ಪದಿಂದ ಗುಣಿಸಿದರೆ 233 ಘನ ಮಿಲಿಮೀಟರ್, ಅಂದರೆ 0.233 ಘನ ಸೆಂಟಿಮೀಟರ್. ತೂಕ 1.83 ಗ್ರಾಂ, ಕಿಲೋಗೆ ಸುಮಾರು 546.

ಉಕ್ಕಿನ ದುಂಡು ಸರಳಿಗೆ ಕಟ್ಟಡದ ಕೆಲಸದವರು ಬಳಸುವ ಸೂತ್ರ ಇನ್ನೂ ಚಿಕ್ಕದು: ಮಿಲಿಮೀಟರಿನಲ್ಲಿ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ. ಆ 162 ಮೇಲಿನ 7.85 ಮತ್ತು 0.7854ಗಳಿಂದಲೇ ಹುಟ್ಟಿದ್ದು, ಆದ್ದರಿಂದ ಬೇರೆ ಲೋಹಕ್ಕೆ ಅದು ಹೊಂದದು. 12 ಮಿಲಿಮೀಟರಿನ ಸರಳು ಮೀಟರಿಗೆ 0.889 ಕಿಲೋ, ಕಿಲೋಗೆ 60 ಇದ್ದರೆ ಮೀಟರಿಗೆ 53.33.

ಕಾಗದದ ಲೆಕ್ಕ ಎಲ್ಲಕ್ಕಿಂತ ಅಚ್ಚುಕಟ್ಟು. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್ ಇರುವಂತೆಯೇ ಆ ಅಳತೆಗಳನ್ನು ರೂಪಿಸಲಾಗಿದೆ, ಎ4 ಅದರ ಹದಿನಾರನೆಯ ಒಂದು ಭಾಗ. ಚದರ ಮೀಟರಿಗೆ 80 ಗ್ರಾಂ ಕಾಗದವಾದರೆ ಒಂದು ಎ4 ಹಾಳೆ 5 ಗ್ರಾಂ, 500 ಹಾಳೆಯ ಕಟ್ಟು 2.5 ಕಿಲೋ. ಕಿಲೋಗೆ 120 ಆದರೆ ಹಾಳೆಗೆ 0.60. ಮೂರು ಆಯಾಮದ ಮುದ್ರಣಕ್ಕೆ ಬಳಸುವ 1.75 ಮಿಲಿಮೀಟರ್ ದಪ್ಪದ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಎಳೆಯೂ ಹೀಗೆಯೇ, ಸಾಂದ್ರತೆ 1.24 ಎಂದು ಹಿಡಿದರೆ ಮೀಟರಿಗೆ 2.98 ಗ್ರಾಂ, ಕಿಲೋಗೆ ಸುಮಾರು 335 ಮೀಟರ್.

ನೂಲನ್ನು ತೂಕಕ್ಕೆ ಕೊಡುತ್ತಾರೆ, ನನಗೆ ಬೇಕಾದದ್ದು ಮೀಟರಿನ ಬೆಲೆ.

ನೂಲಿನ ಸಂಖ್ಯೆಯಲ್ಲೇ ಉತ್ತರ ಅಡಗಿದೆ. ಟೆಕ್ಸ್ ಎಂದರೆ 1000 ಮೀಟರಿನ ತೂಕ ಗ್ರಾಂನಲ್ಲಿ, ಡೆನಿಯರ್ ಎಂದರೆ 9000 ಮೀಟರಿನ ತೂಕ. ಇವೆರಡರಲ್ಲಿ ಸಂಖ್ಯೆ ದೊಡ್ಡದಾದಷ್ಟೂ ನೂಲು ದಪ್ಪ. ಹತ್ತಿಯ ಇಂಗ್ಲಿಷ್ ಕೌಂಟ್ ಇದಕ್ಕೆ ತದ್ವಿರುದ್ಧ: ಒಂದು ಪೌಂಡಿನಲ್ಲಿ 840 ಗಜದ ಲಡಿ ಎಷ್ಟು ಎಂಬುದು ಅದರ ಅರ್ಥ, ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನೂಲು ಸಪೂರ. 590.5ನ್ನು ಕೌಂಟಿನಿಂದ ಭಾಗಿಸಿದರೆ ಟೆಕ್ಸ್ ಸಿಗುತ್ತದೆ. 30 ಕೌಂಟಿನ ನೂಲು 19.7 ಟೆಕ್ಸ್, ಕಿಲೋಗೆ ಸುಮಾರು 50,800 ಮೀಟರ್. ಕಿಲೋ ದರವನ್ನು ಈ ಮೀಟರುಗಳಿಂದ ಭಾಗಿಸಿದರೆ ಮೀಟರಿನ ಬೆಲೆ.

## ಬೆಲೆಯೊಳಗೆ ಸೇರಬೇಕಾದವು

ಕೊಂಡದ್ದರಲ್ಲಿ ನೂರಕ್ಕೆ ಎಂಟು ಹಾಳಾಗುತ್ತವೆ. ಬೆಲೆಗೆ ಶೇ. 8 ಸೇರಿಸಿದರೆ ಸರಿಯೇ?

ಹತ್ತಿರ ಬರುತ್ತದೆ, ಸರಿಯಲ್ಲ. ಕೈಗೆ ಉಳಿದವು 92 ಮಾತ್ರ, ನೂರರ ಖರ್ಚನ್ನು ಅವೇ ಹೊರಬೇಕು. ಆದ್ದರಿಂದ 0.92ರಿಂದ ಭಾಗಿಸಬೇಕು: 16.80 ÷ 0.92 = 18.26. ಶೇ. 8 ಸೇರಿಸಿದರೆ 18.14 ಬರುತ್ತದೆ. ಇಲ್ಲಿ ಅಂತರ ಸಣ್ಣದು, ಆದರೆ ನಷ್ಟ ಶೇ. 40 ಇರುವ ಕೆಲಸದಲ್ಲಿ ಸೇರಿಸಿದವರಿಗೆ 1.40 ಪಟ್ಟು, ಭಾಗಿಸಿದವರಿಗೆ 1.67 ಪಟ್ಟು ಬರುತ್ತದೆ, ಮೊದಲನೆಯವರು ನಷ್ಟದಲ್ಲಿ ಮಾರುತ್ತಾರೆ.

ದೊಡ್ಡ ನಷ್ಟ ಅಪರೂಪವೇನಲ್ಲ. ತಗಡಿನಿಂದ ದುಂಡು ಬಿಲ್ಲೆಗಳನ್ನು ಸಾಲು ಸಾಲಾಗಿ ಚೌಕದ ಜೋಡಣೆಯಲ್ಲಿ ಕತ್ತರಿಸಿದರೆ, ಬಿಲ್ಲೆಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ತಗಡಿನ ಶೇ. 78.5 ಮಾತ್ರ ಬಿಲ್ಲೆಯಾಗುತ್ತದೆ. ಒಂದು ಸಾಲಿನ ಸಂದಿಗೆ ಮುಂದಿನ ಸಾಲಿನ ಬಿಲ್ಲೆ ಬರುವಂತೆ ಜೋಡಿಸಿದರೆ, ಅಂಚಿನಲ್ಲಿ ಹೋಗುವುದನ್ನು ಬಿಟ್ಟು, ಶೇ. 90.7ರವರೆಗೆ ಏರುತ್ತದೆ. ಕತ್ತರಿಸಲು ಬಿಡುವ ಸಂದು ಸೇರಿದರೆ ಎರಡೂ ಇಳಿಯುತ್ತವೆ. ಬಿಲ್ಲೆಯನ್ನಷ್ಟೇ ತೂಗಿ ತಗಡಿನ ದರದಿಂದ ಗುಣಿಸುವವರು ಈ ಪಾಲನ್ನು ಪೂರ್ತಿ ಮರೆತಿರುತ್ತಾರೆ. ಉಳಿದ ಚೂರು ಗುಜರಿಗೆ ಹೋಗಿ ಹಣ ಬಂದರೆ ಅದನ್ನು ಒಟ್ಟು ಖರ್ಚಿನಿಂದ ಮೊದಲೇ ಕಳೆದು, ಆಮೇಲೆ ಒಳ್ಳೆಯ ಬಿಲ್ಲೆಗಳ ಸಂಖ್ಯೆಯಿಂದ ಭಾಗಿಸಬೇಕು.

ಕೊಂಡಾಗ ಹಸಿಯಾಗಿತ್ತು, ಈಗ ಒಣಗಿ ತೂಕ ಇಳಿದಿದೆ. ಒಂದರ ಬೆಲೆಯೂ ಇಳಿಯಿತೇ?

ಇಳಿಯಲಿಲ್ಲ. ಹಣ ಕೊಟ್ಟಾಯಿತು, ಎಣಿಕೆಯೂ ಬದಲಾಗಿಲ್ಲ, ಆದ್ದರಿಂದ ಒಂದರ ಬೆಲೆ ಕೊಂಡ ದಿನ ಎಷ್ಟಿತ್ತೋ ಅಷ್ಟೇ. ತಪ್ಪಾಗುವುದು ಒಣಗಿದ ವಸ್ತುವನ್ನು ಇಂದು ತೂಗಿ ಅಂದಿನ ದರದಿಂದ ಗುಣಿಸಿದಾಗ. ಶೇ. 12 ತೇವಾಂಶದ 100 ಕಿಲೋ ಸರಕಿನಲ್ಲಿ ಒಣ ಅಂಶ 88 ಕಿಲೋ. ಅದು ಶೇ. 8 ತೇವಾಂಶಕ್ಕೆ ಒಣಗಿದರೆ ಒಟ್ಟು ತೂಕ 88 ÷ 0.92 = 95.65 ಕಿಲೋ. ಇಂದಿನ ತೂಕದಿಂದ ಲೆಕ್ಕ ಹಾಕಿದವರಿಗೆ ಒಂದರ ಬೆಲೆ ಶೇ. 4.35ರಷ್ಟು ಕಡಿಮೆ ಕಾಣುತ್ತದೆ. ಸರಕು ಬಂದ ದಿನವೇ ಮಾದರಿ ತೂಗಿಟ್ಟುಕೊಳ್ಳುವುದು ಇದಕ್ಕೆ ಸುಲಭದ ಪರಿಹಾರ.

ಜವಳಿಯವರು ತೇವಾಂಶವನ್ನು ಒಣ ತೂಕದ ಮೇಲೆ ಹೇಳುತ್ತಾರೆ, ಉಳಿದ ಅನೇಕರು ಒಟ್ಟು ತೂಕದ ಮೇಲೆ. ಹತ್ತಿಗೆ ಅವರು ಹೇಳುವ 8.5 ಎಂಬುದು ಒಟ್ಟು ತೂಕದ ಮೇಲೆ 7.83 ಮಾತ್ರ. ಯಾವುದರ ಮೇಲಿನ ಶೇಕಡಾ ಎಂದು ಕೇಳದೆ ಲೆಕ್ಕ ಶುರುಮಾಡಬಾರದು.

ಸಾಗಣೆ ಖರ್ಚನ್ನು ತೂಕಕ್ಕೆ ತಕ್ಕಂತೆ ಹಂಚಲೋ, ಎಣಿಕೆಗೆ ತಕ್ಕಂತೆ ಹಂಚಲೋ?

ಸಾಗಿಸಿದವರು ಯಾವುದನ್ನು ನೋಡಿ ಹಣ ಪಡೆದರೋ ಅದಕ್ಕೆ ತಕ್ಕಂತೆ. ವಿಮಾನ ಸಾಗಣೆಯಲ್ಲೂ ಕೊರಿಯರ್‌ಗಳಲ್ಲೂ ನಿಜವಾದ ತೂಕ ಮತ್ತು ಗಾತ್ರದಿಂದ ಕಟ್ಟಿದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಘನ ಸೆಂಟಿಮೀಟರಿನ ಗಾತ್ರವನ್ನು ವಿಮಾನ ಸಾಗಣೆಯಲ್ಲಿ ಸಾಮಾನ್ಯವಾಗಿ 6000ದಿಂದಲೂ, ಅನೇಕ ಕೊರಿಯರ್‌ಗಳಲ್ಲಿ 5000ದಿಂದಲೂ ಭಾಗಿಸುತ್ತಾರೆ. 60 × 40 × 50 ಸೆಂಟಿಮೀಟರಿನ ಪೆಟ್ಟಿಗೆ ನಿಜವಾಗಿ 12 ಕಿಲೋ ಇದ್ದರೂ ಮೊದಲನೆಯ ಲೆಕ್ಕದಲ್ಲಿ 20 ಕಿಲೋ, ಎರಡನೆಯದರಲ್ಲಿ 24 ಕಿಲೋ. ಪೆಟ್ಟಿಗೆಗೆ ಗಾತ್ರದ ಮೇಲೆ ಹಣ ಬಿದ್ದಿದ್ದರೆ ಒಳಗಿನ ವಸ್ತುಗಳಿಗೂ ಅವು ಹಿಡಿದ ಜಾಗಕ್ಕೆ ತಕ್ಕಂತೆ ಹಂಚುವುದೇ ನ್ಯಾಯ, ಇಲ್ಲವಾದರೆ ಹಗುರವಾದ ದೊಡ್ಡ ವಸ್ತುವಿನ ಖರ್ಚನ್ನು ಭಾರವಾದ ಸಣ್ಣದು ಹೊರುತ್ತದೆ.

ಒಂದೇ ದರಕ್ಕೆ ಕೊಂಡ ಚೀಲದಲ್ಲಿ ದೊಡ್ಡವೂ ಸಣ್ಣವೂ ಬೆರೆತಿವೆ. ಎಲ್ಲಕ್ಕೂ ಒಂದೇ ಬೆಲೆ ಇಡಲೇ?

ಬಿಡಿಸಿ ತೂಗಿ. 500 ಕೊಟ್ಟ ಒಂದು ಕಿಲೋದಲ್ಲಿ 30 ಗ್ರಾಂನ 20, 5 ಗ್ರಾಂನ 80 ಇದ್ದರೆ, ತೂಕದ ಪ್ರಕಾರ ದೊಡ್ಡದಕ್ಕೆ 15, ಸಣ್ಣದಕ್ಕೆ 2.50. ಎಣಿಕೆಯಿಂದ ಭಾಗಿಸಿ ಎಲ್ಲಕ್ಕೂ 5 ಎಂದಿಟ್ಟರೆ ದೊಡ್ಡದು ಅಗ್ಗವಾಗಿ ಮೊದಲು ಖಾಲಿಯಾಗುತ್ತದೆ, ಸಣ್ಣದು ದುಬಾರಿಯಾಗಿ ಉಳಿದುಬಿಡುತ್ತದೆ. ಬೇಡಿಕೆ ಗಾತ್ರಕ್ಕೆ ತಕ್ಕಂತೆ ಇಲ್ಲದಿದ್ದರೆ ಮಾರುವ ಬೆಲೆಯ ಅನುಪಾತದಲ್ಲಿ ಖರ್ಚು ಹಂಚುವ ಕ್ರಮವೂ ಲೆಕ್ಕಶಾಸ್ತ್ರದಲ್ಲಿ ಉಂಟು. ಯಾವುದನ್ನಾದರೂ ಆರಿಸಿಕೊಳ್ಳಬಹುದು, ಚೀಲದಿಂದ ಚೀಲಕ್ಕೆ ಬದಲಿಸಬಾರದು.

ಬಿಡಿಯಾಗಿ ಕೊಳ್ಳುವುದು ಅಗ್ಗವೋ ತೂಕಕ್ಕೆ ಕೊಳ್ಳುವುದು ಅಗ್ಗವೋ?

ಬಿಡಿ ಬೆಲೆಯನ್ನು ತೂಕದ ದರದಿಂದ ಭಾಗಿಸಿದರೆ ಎರಡೂ ಸಮವಾಗುವ ತೂಕ ಸಿಗುತ್ತದೆ. ಬಿಡಿಗೆ 2, ಕಿಲೋಗೆ 480 ಆದರೆ ಅದು 4.17 ಗ್ರಾಂ, ಇದಕ್ಕಿಂತ ಹಗುರವಾದದ್ದನ್ನು ತೂಕಕ್ಕೆ, ಭಾರವಾದದ್ದನ್ನು ಬಿಡಿಯಾಗಿ ಕೊಳ್ಳುವುದು ಲಾಭ. ಆದರೆ ಬೇಕಾದದ್ದು 60 ಮಾತ್ರ ಇದ್ದು, ಒಂದು ಕಿಲೋಗಿಂತ ಕಡಿಮೆ ಕೊಡುವುದಿಲ್ಲ ಎಂದರೆ, ಒಂದರ ಬೆಲೆ 480 ÷ 60 = 8 ಎಂದೇ ಬರೆದುಕೊಳ್ಳಬೇಕು. ಮಿಕ್ಕದ್ದು ಮುಂದೆ ಉಪಯೋಗಕ್ಕೆ ಬಂದೀತು ಎಂಬ ಸಮಾಧಾನಕ್ಕೆ ಬೆಲೆ ಕಟ್ಟುವುದು ಕಷ್ಟ.

## ಇನ್ನೂ ಆಳಕ್ಕೆ

ದರ ಬದಲಾಗುತ್ತಲೇ ಇರುತ್ತದೆ. ಒಮ್ಮೆ 400, ಒಮ್ಮೆ 600 ಕೊಟ್ಟಿದ್ದೇನೆ. 500 ಎಂದು ಹಿಡಿಯಲೇ?

ಎರಡು ಸಲವೂ ಸಮ ತೂಕ ಕೊಂಡಿದ್ದರೆ ಹಿಡಿಯಬಹುದು. ಸಮ ಹಣಕ್ಕೆ ಕೊಂಡಿದ್ದರೆ ಇಲ್ಲ: 1,200ಕ್ಕೆ ಮೊದಲ ಸಲ 3 ಕಿಲೋ, ಎರಡನೆಯ ಸಲ 2 ಕಿಲೋ, ಒಟ್ಟು 2,400ಕ್ಕೆ 5 ಕಿಲೋ, ದರ 480. ಹಳೆಯದನ್ನೂ ಹೊಸದನ್ನೂ ಒಂದೇ ಡಬ್ಬಿಗೆ ಸುರಿಯುವವರು ಹೀಗೆ ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದ ದರ ಬಳಸಲಿ. ಇದು ಈವರೆಗಿನ ಖರ್ಚನ್ನು ತಿಳಿಸುತ್ತದೆ ಅಷ್ಟೆ. ಮುಂದಿನ ಕೆಲಸಕ್ಕೆ ಬೆಲೆ ಹೇಳುವಾಗ ಮತ್ತೆ ಕೊಳ್ಳಬೇಕಾದ ದರವನ್ನೇ ನೋಡಬೇಕು.

ಉತ್ತರದಲ್ಲಿ ಎಷ್ಟು ದಶಮಾಂಶ ಉಳಿಸಿಕೊಳ್ಳಬೇಕು?

ನಡುವಿನ ಹಂತಗಳಲ್ಲಿ ಏನನ್ನೂ ಸರಿಹೊಂದಿಸಬೇಡಿ, ಕೊನೆಯಲ್ಲಿ ಒಮ್ಮೆ ಮಾತ್ರ ಮಾಡಿ. ಕಿಲೋಗೆ 480ರ, 1.83 ಗ್ರಾಂನ ವಾಷರಿಗೆ 0.8784 ಬೀಳುತ್ತದೆ. ಹತ್ತು ಸಾವಿರಕ್ಕೆ 8,784. ಒಂದಕ್ಕೆ 0.88 ಎಂದು ಬರೆದಿಟ್ಟು ಗುಣಿಸಿದರೆ 8,800, 0.9 ಎಂದರೆ 9,000. ಇಷ್ಟು ಸಣ್ಣ ವಸ್ತುಗಳಿಗೆ ನೂರಕ್ಕೆ ಅಥವಾ ಸಾವಿರಕ್ಕೆ ಬೆಲೆ ಬರೆದಿಟ್ಟುಕೊಳ್ಳುವುದೇ ಚೊಕ್ಕ.

ಎಣಿಸುವ ತಕ್ಕಡಿ ಇದೆ. ಅದು ತೋರಿಸುವ ಸಂಖ್ಯೆಯನ್ನು ಎಷ್ಟು ನಂಬಬಹುದು?

ಮೊದಲು ಕೊಟ್ಟ ಮಾದರಿ ಎಷ್ಟು ದೊಡ್ಡದಿತ್ತೋ ಅಷ್ಟು. ಅಂಥ ತಕ್ಕಡಿ ಎಣಿಸುವುದಿಲ್ಲ. ಮಾದರಿಯಿಂದ ಒಂದರ ತೂಕ ತೆಗೆದು, ಒಟ್ಟು ತೂಕವನ್ನು ಅದರಿಂದ ಭಾಗಿಸುತ್ತದೆ. ಏರುಪೇರು ಶೇ. 2 ಇರುವ ವಸ್ತುವಿನ ಹತ್ತನ್ನು ಮಾದರಿಯಾಗಿ ಇಟ್ಟು ಸಾವಿರವನ್ನು ಎಣಿಸಿದರೆ ಆರು ಹೆಚ್ಚುಕಡಿಮೆ ಬರುವುದು ಸಹಜ. ಮಾದರಿ ನೂರಾದರೆ ಅದು ಎರಡಕ್ಕೆ ಇಳಿಯುತ್ತದೆ. ಮೊದಲು ಹತ್ತನ್ನು ಕೈಯಲ್ಲಿ ಎಣಿಸಿಟ್ಟು, ಆಮೇಲೆ ತಕ್ಕಡಿಯಿಂದಲೇ ಮೂವತ್ತನ್ನು ಎಣಿಸಿಕೊಂಡು ಅದನ್ನೇ ಹೊಸ ಮಾದರಿಯಾಗಿ ಕೊಟ್ಟರೆ ಶ್ರಮ ಕಡಿಮೆ, ಏಕೆಂದರೆ ಮೂವತ್ತರಲ್ಲಿ ಒಂದರಷ್ಟು ತಪ್ಪೂ ಅಪರೂಪ, ಹತ್ತಿರದ ಪೂರ್ಣ ಸಂಖ್ಯೆಗೆ ಸರಿಹೊಂದಿಸಿದಾಗ ಎಣಿಕೆ ಸಾಮಾನ್ಯವಾಗಿ ಸರಿಯಾಗಿಯೇ ನಿಲ್ಲುತ್ತದೆ.

ಕೊಂಡ ಕಡೆ ಒಂದು ತೂಕ, ನಮ್ಮಲ್ಲಿ ತೂಗಿದರೆ ಇನ್ನೊಂದು. ಜಾಗ ಬದಲಾದರೆ ತಕ್ಕಡಿಯೂ ಬದಲಾಗುತ್ತದೆಯೇ?

ಎಲೆಕ್ಟ್ರಾನಿಕ್ ತಕ್ಕಡಿಯೂ ಸ್ಪ್ರಿಂಗ್ ತಕ್ಕಡಿಯೂ ಅಳೆಯುವುದು ಭೂಮಿ ಎಳೆಯುವ ಬಲವನ್ನು. ಆ ಎಳೆತದಿಂದ ಬರುವ ವೇಗವರ್ಧನೆ ಸಮಭಾಜಕದಲ್ಲಿ ಸೆಕೆಂಡಿನ ವರ್ಗಕ್ಕೆ 9.780 ಮೀಟರ್, ಧ್ರುವಗಳಲ್ಲಿ 9.832, ಅಂತರ ಶೇ. 0.5ರ ಆಸುಪಾಸು. ಒಂದು ತುದಿಯಲ್ಲಿ ಸರಿಪಡಿಸಿದ ತಕ್ಕಡಿಯನ್ನು ಹಾಗೆಯೇ ಇನ್ನೊಂದು ತುದಿಗೆ ಒಯ್ದರೆ 10 ಕಿಲೋಗೆ 50 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ತೋರಿಸುತ್ತದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಬಟ್ಟಿನ ಮೇಲೂ ಸರಕಿನ ಮೇಲೂ ಅದೇ ಎಳೆತ ಬೀಳುವುದರಿಂದ ಈ ತೊಂದರೆಯಿಲ್ಲ. ಹತ್ತಿರದ ಎರಡು ಜಾಗಗಳ ನಡುವೆ ಇಷ್ಟು ಅಂತರ ಕಂಡರೆ ಕಾರಣ ಭೂಮಿಯಲ್ಲ. ತಕ್ಕಡಿಯ ಹೊಂದಾಣಿಕೆ, ತೇವಾಂಶ, ಪೆಟ್ಟಿಗೆಯ ತೂಕ ಇವನ್ನು ಮೊದಲು ನೋಡಬೇಕು.

ಒಂದರ ಬೆಲೆಯಷ್ಟೇ ಬೇಕಾಗಿದ್ದರೆ ಇದನ್ನೆಲ್ಲ ಬದಿಗಿಡುವ ದಾರಿಯಿದೆ. ಇಡೀ ಸರಕನ್ನೂ ಎಣಿಸಿದ ಮಾದರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಮಾದರಿಯ ಎಣಿಕೆಯಿಂದ ಗುಣಿಸಿದರೆ ಒಟ್ಟು ಎಷ್ಟಿವೆ ಎಂದು ಸಿಗುತ್ತದೆ. ತಕ್ಕಡಿ ಎಲ್ಲವನ್ನೂ ಒಂದೇ ಅನುಪಾತದಲ್ಲಿ ಹೆಚ್ಚಾಗಿ ತೋರಿಸುತ್ತಿದ್ದರೂ ಭಾಗಾಕಾರದಲ್ಲಿ ಆ ತಪ್ಪು ಹೊಡೆದುಹೋಗುತ್ತದೆ. ಕೊಟ್ಟ ಒಟ್ಟು ಹಣವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಒಂದರ ಬೆಲೆ. ಕಿಲೋ ಎಷ್ಟಿತ್ತು ಎಂಬುದು ಲೆಕ್ಕದೊಳಗೆ ಬರುವುದೇ ಇಲ್ಲ.